ಒಂದು ಚಮಚ ಸೋಮಾರಿಗಳು

ತಂಗಿಯ ಗಂಡನಿಗೆ ಈ ಕೆಲಸ ಕೊಡಿಸಿದ್ದು ತಾವೇ ಎಂಬ ಸಂಗತಿ ತೊಟ್ಟಿ ವಿಭಾಗದ ಮುಖ್ಯಸ್ಥರನ್ನು, ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ, ಆರು ವರ್ಷಗಳಿಂದ ಪೀಡಿಸುತ್ತಿತ್ತು. ಈಗ ಆ ನಾರು ಒಸಡಿಗೇ ಇಳಿಯಿತು. ಮಾಲೀಕರಾದ ಮೇಡಂ ಎಲ್ಲರನ್ನೂ ಕರೆದು ಹೇಳಿದರು:

"ಈ ಸಲ ಯಾರ ತೊಟ್ಟಿ ಹೆಚ್ಚು ಹರಳು ಕೊಡುತ್ತೋ, ಹೊಸ ಕಾರ್ಖಾನೆ ಅವರ ಕೈಗೆ. ಒಂದನೇ ತೊಟ್ಟಿ ಮುಖ್ಯಸ್ಥರದು, ಮೂರನೇದು ಅವರ ಭಾವಮೈದುನನದು. ನೋಡೋಣ."

"ನಂಗ್ಯಾಕೆ ಮೇಡಂ? ಭಾವಂಗೇ ಕೊಟ್ಬಿಡಿ," ಎಂದ ಭಾವಮೈದುನ. "ಅವರು ನಕ್ಕರೆ ಹೇಗಿರ್ತಾರೆ ಅಂತ ನಾವೂ ಒಂದ್ಸಲ ನೋಡ್ತೀವಿ."

ಎಲ್ಲರೂ ನಕ್ಕರು. ಮುಖ್ಯಸ್ಥರು ನಕ್ಕವರನ್ನು ಎಣಿಸಿಕೊಂಡರು. ಏಳು ಮಂದಿ, ಮೇಡಂ ಸೇರಿ.

ಆ ತೊಟ್ಟಿಗಳಲ್ಲಿ ದುಡಿಯುತ್ತಿದ್ದುದು ಬ್ಯಾಕ್ಟೀರಿಯಾ. ಅವುಗಳ ಒಡಲಿಗೆ ಗಿಡವೊಂದರ ವಂಶವಾಹಿಯನ್ನು ಸೇರಿಸಲಾಗಿತ್ತು. ಸಕ್ಕರೆನೀರು ಕುಡಿದು ಅವು ಹೃದ್ರೋಗದ ಔಷಧಕ್ಕೆ ಬೇಕಾದ, ಚಿನ್ನಕ್ಕಿಂತ ತುಟ್ಟಿಯಾದ ರಾಸಾಯನಿಕವೊಂದನ್ನು ತಯಾರಿಸುತ್ತಿದ್ದವು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊನೆಯ ದಿನ ರಸವನ್ನು ಸೋಸಿ ತಟ್ಟೆಯಲ್ಲಿ ಹರಳುಗಟ್ಟಿಸುವ ತನಕ ಅದು ಇದೆಯೋ ಇಲ್ಲವೋ ಹೇಳಲಾಗದು.

ಆದರೆ ಬ್ಯಾಕ್ಟೀರಿಯಾಗಳಲ್ಲೂ ಭಾವಮೈದುನಂದಿರಿದ್ದಾರೆ. ಲಕ್ಷಾಂತರದಲ್ಲೊಂದು ಆ ವಂಶವಾಹಿಯ ಹೊರೆಯನ್ನು ಕಳಚಿ, ಬರಿದೇ ತಿಂದು ಸಂತಾನ ಬೆಳೆಸುತ್ತದೆ. ಕಳೆದ ವರ್ಷ ಕೆಟ್ಟ ತೊಟ್ಟಿಯೊಂದರಿಂದ ಅಂಥ ಸೋಮಾರಿಗಳನ್ನು ಮುಖ್ಯಸ್ಥರು ಒಂದು ಸೀಸೆಯಲ್ಲಿ ಎತ್ತಿಟ್ಟಿದ್ದರು. ಯಾಕೆಂದು ಆಗ ಅವರಿಗೇ ತಿಳಿದಿರಲಿಲ್ಲ. ಈಗ ತಿಳಿಯಿತು.

ಲೆಕ್ಕ ಸರಳವಾಗಿತ್ತು. ದುಡಿಯುವ ಜೀವ ನಲವತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಸೋಮಾರಿ ಮೂವತ್ತಕ್ಕೊಮ್ಮೆ. ಎರಡು ಗಂಟೆಯಲ್ಲಿ ಅದು ಎಂಟು ಪಾಲು, ಇದು ಹದಿನಾರು. ಲಕ್ಷಕ್ಕೊಂದರಂತೆ ಸೇರಿಸಿದರೂ ಮೂವತ್ತನಾಲ್ಕು ಗಂಟೆಗಳಲ್ಲಿ ಎರಡೂ ಸರಿಸಮ. ಮೂರು ದಿನ ಕಳೆದರೆ ದುಡಿಯುವ ಒಂದಕ್ಕೆ ಸುಮಾರು ಏಳು ಲಕ್ಷ ಸೋಮಾರಿಗಳು. ಅದರ ಸೊಗಸೆಂದರೆ, ಕೆಡುವ ತೊಟ್ಟಿ ಸೊರಗುವುದಿಲ್ಲ, ಕೊಬ್ಬುತ್ತದೆ. ಮಾಪಕದಲ್ಲಿ ಅದರ ದಟ್ಟಣೆ ಎಲ್ಲಕ್ಕಿಂತ ಮೇಲಿರುತ್ತದೆ. ಯಾರಿಗೆ ಸಂಶಯ ಬಂದೀತು?

ಸೋಮವಾರ ಎಲ್ಲರೂ ಚಹಾಕ್ಕೆ ಹೋದಾಗ ಮುಖ್ಯಸ್ಥರು ತೊಟ್ಟಿಗಳ ಕೋಣೆಗೆ ಬಂದರು. ಬಾಗಿಲ ಮೇಲೆ ಅವರೇ ಬರೆದು, ಸಹಿ ಹಾಕಿ, ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿಸಿದ ಹದಿನಾಲ್ಕು ನಿಯಮಗಳಿದ್ದವು. ಒಂಬತ್ತು ವರ್ಷಗಳಿಂದ ಅವನ್ನು ಓದಿದವರಿಲ್ಲ. ಬರೆದವರೂ ಮತ್ತೆ ಓದಿರಲಿಲ್ಲ, ನಿಯಮಗಳು ಇತರರಿಗಾಗಿ ಇರುವಂಥವು. ಅವರು ಮೂರನೆಯ ತೊಟ್ಟಿಯ ಮುಚ್ಚಳ ತಿರುಗಿಸಿ ಒಂದು ಚಮಚ ಸುರಿದರು, ಮುಚ್ಚಳ ಬಿಗಿದರು, ಚಮಚ ತೊಳೆದರು. ಚಹಾ ಆರುವ ಮೊದಲೇ ಅವರೂ ಹೋಗಿ ಕುಡಿದರು.

ಕೊನೆಯ ಜಾಣತನವೊಂದು ಬಾಕಿಯಿತ್ತು. ತೊಟ್ಟಿ ಕೆಡುವಾಗ ತಾವು ಅದರ ಹತ್ತಿರವೇ ಸುಳಿದಿರಬಾರದು. ಮಂಗಳವಾರದಿಂದ ಸೊಂಟನೋವೆಂದು ಹದಿನಾಲ್ಕು ದಿನ ರಜೆ ಹಾಕಿದರು. ಕೆಲಸಕ್ಕೆ ಸೇರಿದ ಮೇಲೆ ಅದೇ ಅವರ ಮೊದಲ ರಜೆ.

"ಏನ್ರೀ, ಕೆಲಸದಿಂದ ತೆಗೆದುಹಾಕಿದ್ರಾ?" ಎಂದು ಹೆಂಡತಿ ಗಾಬರಿಯಾದಳು.

"ಸೊಂಟ ಕಣೇ."

"ಸೊಂಟ ಹಿಡಿದೋರು ಶಿಳ್ಳೆ ಹೊಡೀತಾ ಕೂತಿರೋದನ್ನ ಇವತ್ತೇ ನೋಡ್ತಿರೋದು."

ಹದಿನಾಲ್ಕು ದಿನವೂ ಅವರು ಕಾಲು ಚಾಚಿ ಕುಳಿತು ಹೊಸ ಕಾರ್ಖಾನೆಯಲ್ಲಿ ತಮ್ಮ ಕುರ್ಚಿ ಯಾವ ಕಿಟಕಿಯ ಬಳಿ ಇರಬೇಕೆಂದು ಯೋಚಿಸಿದರು. ಭಾವಮೈದುನನನ್ನು ಕೆಲಸದಿಂದ ತೆಗೆಯುವುದು ಬೇಡವೆಂದೂ ತೀರ್ಮಾನಿಸಿದರು. ಅವನು ಪಕ್ಕದಲ್ಲೇ ಇದ್ದು ನೋಡುತ್ತಿರಬೇಕು.

ತೂಕದ ದಿನ ಅವರು ಕೋಣೆಗೆ ಕಾಲಿಟ್ಟಾಗ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಮೂರನೆಯ ತೊಟ್ಟಿಯ ತಟ್ಟೆಯಲ್ಲಿ ಬಿಳಿಯ ಹರಳುಗಳು ಗುಡ್ಡೆಯಾಗಿ ಮಿನುಗುತ್ತಿದ್ದವು. ಒಂದನೆಯದರಲ್ಲಿ ಒಣಗಿದ ಸಕ್ಕರೆಯ ಕಲೆಯ ಹೊರತು ಏನೂ ಇರಲಿಲ್ಲ. ಮೇಡಂ ಎರಡನ್ನೂ ನೋಡಿ ಭಾವಮೈದುನನ ಕೈ ಕುಲುಕಿದರು. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. "ನೀವು ರಜೆ ಹಾಕಿದ್ದು ಇದೇ ಮೊದಲು, ಭಾವ. ನಮಗೆ ಕೈಕಾಲೇ ಆಡ್ಲಿಲ್ಲ. ನಾನೇ ಸ್ಟೂಲ್ ಹತ್ತಿ ನಿಮ್ಮ ನಿಯಮ ಓದ್ದೆ. ಒಂದಕ್ಷರ ಆಚೀಚೆ ಮಾಡಿಲ್ಲ," ಎಂದ. ಮುಖ್ಯಸ್ಥರು ಒಂಬತ್ತು ವರ್ಷಗಳ ನಂತರ ತಲೆಯೆತ್ತಿ ಬಾಗಿಲ ಮೇಲೆ ನೋಡಿದರು. ಯಾರೋ ಗಾಜನ್ನು ಒರೆಸಿದ್ದರು. ಹನ್ನೊಂದನೆಯ ಸಾಲು ದೂರದಿಂದಲೂ ಸ್ಪಷ್ಟವಾಗಿತ್ತು: ಮುಖ್ಯಸ್ಥರು ಮೂರು ದಿನ ಮೀರಿ ರಜೆಯಲ್ಲಿದ್ದರೆ ಯಾರೂ ಸ್ವಂತ ಬುದ್ಧಿ ಉಪಯೋಗಿಸತಕ್ಕದ್ದಲ್ಲ, ನಾಲ್ಕನೆಯ ದಿನ, ಮಾಪಕದಲ್ಲಿ ಅತ್ಯಂತ ದಟ್ಟವಾಗಿ ಕಂಡ ತೊಟ್ಟಿಯ ರಸವನ್ನು, ಉಳಿದ ತೊಟ್ಟಿಗಳನ್ನು ಬರಿದುಮಾಡಿ, ಅವುಗಳಿಗೆ ಬಿತ್ತನೆಯಾಗಿ ಹಂಚತಕ್ಕದ್ದು, ಹಂಚಿ ಖಾಲಿಯಾದ ಆ ಒಂದು ತೊಟ್ಟಿಯನ್ನು ಮಾತ್ರ ತೊಳೆದು, ಶೀತಪೆಟ್ಟಿಗೆಯಲ್ಲಿರುವ ಶುದ್ಧ ಮೂಲತಳಿಯಿಂದ ಹೊಸದಾಗಿ ಆರಂಭಿಸತಕ್ಕದ್ದು.