ಕದದವ್ವನ ಅರ್ಥಕೋಶ

ಕರಿಗುಡ್ಡದ ಚಿನ್ನದ ಗಣಿಯಲ್ಲಿ ಬೆಳಗಿನ ಪಾಳಿಯವರು ಪಾತಾಳದ ಉಕ್ಕಿನ ಕದದ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಒಬ್ಬೊಬ್ಬರೇ ಮುಂದೆ ಬಂದು, ಕದದೊಡನೆ ಮಾತಾಡಿ, ಸುರಂಗದೊಳಕ್ಕೆ ಹೋಗುತ್ತಿದ್ದರು.

"ಬರ್ತೀನವ್ವಾ," ಎನ್ನುತ್ತಿದ್ದ ಒಬ್ಬ.

"ಹೋಗಿ ಬಾರಪ್ಪಾ ಈರಣ್ಣಾ," ಎನ್ನುತ್ತಿತ್ತು ಕದ.

"ನಾನೂ ಬರ್ತೀನಿ. ಸಂಜಿಗೆ ಏನ್ ಅಡಿಗಿ ಮಾಡಿರ್ತಿ?" ಎಂದು ಹಿಂದಿನವನು ಕೀಟಲೆ ಮಾಡುತ್ತಿದ್ದ. ಅಡುಗೆಯ ವಿಷಯ ಅದಕ್ಕೆ ಅರ್ಥವಾಗುತ್ತಿರಲಿಲ್ಲ. "ಹೋಗಿ ಬಾರಪ್ಪಾ," ಎಂದು ಅವನನ್ನೂ ಒಳಗೆ ಬಿಡುತ್ತಿತ್ತು.

ಯಂತ್ರದ ನಿಜವಾದ ಹೆಸರು ಪ್ರಾಣಗಣಕ. ದನಿ ಹೆಂಗಸಿನದಾದ್ದರಿಂದ ಗಣಿಯವರು ಅದಕ್ಕೆ ಕದದವ್ವ ಎಂದು ಹೆಸರಿಟ್ಟಿದ್ದರು. ಅದರ ಕೆಲಸ ಒಂದೇ: ಒಳಗೆ ಎಷ್ಟು ಜನರಿದ್ದಾರೆಂದು ತಿಳಿದಿರುವುದು. ಆ ಆಳದಲ್ಲಿ ಬಂಡೆಗೆ ಅಂಗೈ ಇಟ್ಟರೆ ಚರ್ಮ ಸುಡುತ್ತಿತ್ತು. ಮೇಲಿನಿಂದ ತಂಪುಗಾಳಿ ಹರಿಸದಿದ್ದರೆ ಮನುಷ್ಯ ಅಲ್ಲಿ ಹೆಚ್ಚು ಹೊತ್ತು ಬದುಕುವಂತಿರಲಿಲ್ಲ. ಆ ಗಾಳಿಯನ್ನು ತಂಪು ಮಾಡಲು ಒಂದು ಪಟ್ಟಣಕ್ಕೆ ಸಾಲುವಷ್ಟು ವಿದ್ಯುತ್ತು ಬೇಕಾಗುತ್ತಿತ್ತು. ಹಾಗಾಗಿ ಒಳಗೆ ಒಬ್ಬನೇ ಒಬ್ಬನಿದ್ದರೂ ಪ್ರಾಣಗಣಕ ಗಾಳಿ ಬಿಡುತ್ತಿತ್ತು. ಯಾರೂ ಇಲ್ಲವೆಂದು ಖಚಿತವಾದರೆ ಗಾಳಿ ನಿಲ್ಲಿಸಿ ಕದ ಹಾಕಿಕೊಳ್ಳುತ್ತಿತ್ತು.

ಒಳಗಿರುವವರನ್ನು ತಿಳಿಯುವುದು ಸುಲಭವಿರಲಿಲ್ಲ. ಕ್ಯಾಮೆರಾಗಳು ಧೂಳು ಮತ್ತು ಹಬೆಯಲ್ಲಿ ಕುರುಡಾಗಿದ್ದವು. ಗುರುತುಚೀಟಿ ಕೊಟ್ಟರೆ ಒಬ್ಬನದನ್ನು ಇನ್ನೊಬ್ಬ ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಕೊನೆಗೆ ಡಾಕ್ಟರ್ ಇಂದುಮತಿ ಕಟಗೇರಿ ಎಂಬ ವಿಜ್ಞಾನಿ, ದನಿಯಿಂದ ಆಳನ್ನು ಗುರುತಿಸಿ, ಅವನಾಡುವ ಮಾತಿನಿಂದಲೇ ಅವನು ಒಳಗೆ ಹೊರಟನೋ ಹೊರಗೆ ಬಂದನೋ ಎಂದು ತಿಳಿಯುವ ಈ ಯಂತ್ರವನ್ನು ಕಟ್ಟಿದ್ದಳು. ತನ್ನ ಜೀವದ ವಿಷಯದಲ್ಲಿ ಯಾವ ಮನುಷ್ಯನೂ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆಯಾಗಿತ್ತು. ಅದೇನೋ ನಿಜವೇ ಆಯಿತು.

ಆ ದಿನ ಗಣಿಗೆ ರಜೆ. ಯಂತ್ರವನ್ನು ನಡೆಸುವ ಆಧಾರತಂತ್ರಕ್ಕೆ, ಅಂದರೆ ಅದರ ಉಳಿದೆಲ್ಲ ಕೆಲಸಗಳಿಗೂ ತಳಪಾಯವಾದ ಕ್ರಮವಿಧಿಗೆ, ಹೊಸ ಆವೃತ್ತಿ ಬಂದಿತ್ತು. ನವೀಕರಣ ನಡೆಯುವಾಗ ಒಳಗೆ ಯಾರೂ ಇರಬಾರದೆಂದು ಎಲ್ಲರನ್ನೂ ಮೇಲೆ ಕಳಿಸಿದ್ದರು. ನವೀಕರಣ ಅರ್ಧಕ್ಕೆ ಬಂದು ನಿಂತಿತು. ಮೇಲಿನ ನಿಯಂತ್ರಣ ಕೊಠಡಿಯಲ್ಲಿ ಕೂತು ಇಂದುಮತಿ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದಳು. ಸ್ಮೃತಿಯಲ್ಲಿ ಜಾಗ ಖಾಲಿ ಮಾಡಿಕೊಟ್ಟಳು. ಏನು ಮಾಡಿದರೂ ತೆರೆಯ ಮೇಲೆ ಅದೇ ಕೆಂಪು ಸಾಲು: ಮೂಲಕಡತ ಕೆಟ್ಟಿದೆ.

ಪಕ್ಕದ ದೀಪದ ಕೋಣೆಯಲ್ಲಿ ಗಣಿಯವರಿಗೆ ತಲೆದೀಪ ಹಂಚುವ ಹುಲಿಗೆಮ್ಮ ಚಹಾ ತಂದಿಟ್ಟಳು.

"ಏನಾತ್ರೀ ಮೇಡಂ? ಕದದವ್ವಗ ಆರಾಮಿಲ್ಲೇನು?"

"ಅದರ ಒಳಗಿರೋ ಒಂದು ಕಡತ ಕೆಟ್ಟಿದೆಯಂತೆ ಹುಲಿಗೆಮ್ಮ."

"ಹಂಗಂದ್ರ?"

"ಯಂತ್ರ ಮಾಡುವಾಗ ಒಳಗೆ ಕೆಲವು ಕಡತ ಇಟ್ಟಿರ್ತೀವಿ. ಅವು ಇಟ್ಟ ಹಾಗೇ ಇರಬೇಕು. ಒಂದಕ್ಷರ ಆಚೀಚೆ ಆದರೂ ದೋಷಶೋಧಕ ಹಿಡಿದುಬಿಡುತ್ತೆ. ಇದು ಅರ್ಥಕೋಶದ ಕಡತ. ಯಾವ ಮಾತಿಗೆ ಏನರ್ಥ ಅಂತ ಇದರಲ್ಲಿರುತ್ತೆ."

"ಕೆಟ್ಟಿದ್ದು ಯಾಕ ಇಟ್ಕೋತೀರಿ? ತಗದು ಒಗೀರಿ, ಹೊಸಾದು ಹಾಕ್ರಿ."

ಇಂದುಮತಿ ನಕ್ಕಳು. ದುರಸ್ತಿಯ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ತಯಾರಕರು ಕೊಟ್ಟ ಮೂಲ ಪ್ರತಿಯನ್ನು ತರಿಸಿ, ಕೆಟ್ಟದ್ದರ ಜಾಗದಲ್ಲಿ ಕೂರಿಸಿದಳು. ಕೆಂಪು ಸಾಲು ಹೋಗಿ ಹಸಿರು ಬಂತು, ನವೀಕರಣ ಮುಗಿಯಿತು. ಪ್ರಾಣಗಣಕ ಎಚ್ಚೆತ್ತಿತು. ಅವಳಿಗೆ ಹಗುರವೆನಿಸಿತು, ಚಹಾ ಕುಡಿದಳು.

ರಜೆಯೆಂದು ಸುರಂಗದ ನೀರು ಒಸರುವುದನ್ನು ಬಿಟ್ಟೀತೆ? ಕೆಳಗಿನ ಪಂಪು ನಿಂತಿದೆಯೆಂದು ಮೇಲೆ ತಿಳಿದಾಗ, ಪಂಪಿನ ಮೌನೇಶನನ್ನು ಕಳಿಸಿದರು. ಅವನು ಹುಲಿಗೆಮ್ಮನ ಗಂಡ. ಅವಳ ಕೈಯಿಂದಲೇ ದೀಪ ಇಸಿದುಕೊಂಡ. "ಲಗೂನ ಬರ್ರಿ, ರೊಟ್ಟಿ ಆರತಾವ," ಎಂದಳು ಅವಳು. ಆಳುಗಳನ್ನು ಇಳಿಸುವ ತೊಟ್ಟಿಲಿನಲ್ಲಿ ಅವನು ಕೆಳಗಿಳಿದು, ದಿನದಂತೆ ಕದದ ಮುಂದೆ ನಿಂತು, "ಬರ್ತೀನವ್ವಾ," ಎಂದು ಒಳಗೆ ಹೋದ. ಕದ ಏನು ಉತ್ತರ ಕೊಟ್ಟಿತೋ, ಕೇಳಲು ಬೇರೆ ಯಾರೂ ಅಲ್ಲಿರಲಿಲ್ಲ.

ರೊಟ್ಟಿ ಆರಿಹೋಯಿತು. ಹುಲಿಗೆಮ್ಮ ನಿಯಂತ್ರಣ ಕೊಠಡಿಗೆ ಬಂದಳು.

"ಅವ್ರು ಇನ್ನೂ ಮ್ಯಾಲ ಬಂದಿಲ್ರಿ."

ಇಂದುಮತಿ ಯಂತ್ರವನ್ನು ಕೇಳಿದಳು. "ಮೌನೇಶ ಎಲ್ಲಿದ್ದಾನೆ?"

"ಮೌನೇಶ ಬಂದಿದ್ದಾನೆ. ಒಳಗೆ ಯಾರೂ ಇಲ್ಲ," ಎಂದಿತು ಪ್ರಾಣಗಣಕ. ದನಿ ಅದೇ, ಮಾತು ಮಾತ್ರ ಪುಸ್ತಕದ್ದಾಗಿತ್ತು.

"ಬಂದದ್ದನ್ನು ಯಾರು ಹೇಳಿದರು?"

"ಮೌನೇಶನೇ ಹೇಳಿದ."

ಇನ್ನೇನು ಬೇಕು? ಎಲ್ಲರೂ ಮೇಲೆ ಹುಡುಕಿದರು. ಮನೆಯಲ್ಲಿರಲಿಲ್ಲ, ಚಹಾದಂಗಡಿಯಲ್ಲಿರಲಿಲ್ಲ, ಕ್ಷೌರದಂಗಡಿಯಲ್ಲೂ ಇರಲಿಲ್ಲ. ಹುಲಿಗೆಮ್ಮ ದೀಪ ತೂಗುಹಾಕುವ ಖಾಲಿ ಕೊಕ್ಕೆಯನ್ನು ತೋರಿಸಿ, "ದೀಪ ಕೊಡದ ಎಲ್ಲೂ ಹೋಗಾವ್ರಲ್ರೀ ಅವ್ರು," ಎಂದು ಒಂದೇ ಸಮನೆ ಹೇಳುತ್ತಿದ್ದಳು. ಮರೆತು ಮನೆಗೆ ಒಯ್ದಿರಬಹುದು ಎಂದು ಇಂದುಮತಿ ಸಮಾಧಾನ ಹೇಳಿದಳು. ತನ್ನ ಯಂತ್ರದ ಮೇಲೆ ಅವಳಿಗೆ ಅಷ್ಟು ಭರವಸೆ.

"ನೀನು ಇಲ್ಲೇ ಕೂತಿರು, ಪಂಪ್‌ಶೆಡ್ಡಿನ ಕಡೆ ನಾನೇ ನೋಡಿ ಬರ್ತೀನಿ," ಎಂದು ಅವಳು ಎದ್ದು ಬಾಗಿಲಿಗೆ ಬಂದಳು. ಕೊಠಡಿಯ ಬಾಗಿಲೂ ಪ್ರಾಣಗಣಕದ್ದೇ.

"ಸ್ವಾಗತ, ಡಾಕ್ಟರ್," ಎಂದಿತು ಬಾಗಿಲು. "ನೀವು ಬಂದಿರುವಿರಿ."

ಅವಳ ಕಾಲು ನಿಂತಲ್ಲೇ ನಿಂತಿತು. ತಾನು ಹೊರಗೆ ಹೊರಟವಳು!

"ಅಯ್ಯೋ ದೇವರೇ," ಎಂದಳು.

ಎಲ್ಲೋ ದೂರದಲ್ಲಿ ಕುಳಿತು ಬರೆದ ಮೂಲ ಪ್ರತಿಯಲ್ಲಿ ಬರುವುದೆಂದರೆ ಬರುವುದು, ಹೋಗುವುದೆಂದರೆ ಹೋಗುವುದು. ಆದರೆ ಮನೆಯಿಂದ ಹೊರಡುವ ಯಾವ ಕನ್ನಡಿಗ ಹೋಗ್ತೀನಿ ಎನ್ನುತ್ತಾನೆ? ಹಾಗಂದರೆ ತಿರುಗಿ ಬರುವುದಿಲ್ಲವೆಂದಾಗುತ್ತದೆ. ಹೊರಡುವವನೂ ಬರ್ತೀನಿ ಎಂದೇ ಹೇಳಬೇಕು. ಮಾತು ಬಂದಾಗಿನಿಂದ ಇಂದುಮತಿಯೂ ಹಾಗೆಯೇ ಹೇಳಿಕೊಂಡು ಬಂದಿದ್ದಳು. ಗಣಿಯವರ ಬಾಯಿಂದ ವರ್ಷಗಟ್ಟಲೆ ಕೇಳಿ ಕೇಳಿ ಪ್ರಾಣಗಣಕ ಅದನ್ನು ಕಲಿತು ತನ್ನ ಅರ್ಥಕೋಶದಲ್ಲಿ ತಿದ್ದಿಕೊಂಡಿತ್ತು. ದೋಷಶೋಧಕ ಹಿಡಿದ ದೋಷ ಅದೇ. ಅವಳು ದುರಸ್ತಿ ಮಾಡಿದ್ದೂ ಅದನ್ನೇ.

"ಗಾಳಿ ಬಿಡು! ಕದ ತೆಗಿ!" ಎಂದು ಅವಳು ಕೂಗಿಕೊಂಡಳು.

ಗಾಳಿ ಹರಿಯಿತು. ಈರಣ್ಣ ಮತ್ತು ಇನ್ನು ಮೂವರು ತೊಟ್ಟಿಲಿನಲ್ಲಿ ಇಳಿದರು. ಮೌನೇಶ ಕದದ ಒಳಮಗ್ಗುಲಿಗೆ ಒರಗಿ ಕೂತಿದ್ದ. ಕದವನ್ನು ಬಡಿದು ಬಡಿದು ಅವನ ಮುಷ್ಟಿ ಕೆತ್ತಿಹೋಗಿತ್ತು. ಯಂತ್ರದ ಕಿವಿಯಿದ್ದದ್ದು ಕದದ ಹೊರಮಗ್ಗುಲಲ್ಲಿ ಮಾತ್ರ. ಮೈ ಕಾದ ಹಂಚಿನಂತೆ ಸುಡುತ್ತಿತ್ತು, ಉಸಿರಿರಲಿಲ್ಲ. ಹೆಣ ಮೇಲೆ ಬಂದಾಗ ಹುಲಿಗೆಮ್ಮ ಅಳಲಿಲ್ಲ. ಅವನ ಹಣೆಯ ಮೇಲೆ ಇನ್ನೂ ಉರಿಯುತ್ತಿದ್ದ ದೀಪವನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಳು. ಇಂದುಮತಿ ಅವಳ ಮುಖ ನೋಡಲಾರದೆ ಹೋದಳು. ಕೊಂದದ್ದು ತಾನು ಎಂದು ಅವಳಿಗೆ ಗೊತ್ತಿತ್ತು, ಹಾಗೆಂದು ಎಲ್ಲರೆದುರಿಗೆ ಹೇಳಿಯೂ ಹೇಳಿದಳು.

ಅದೇ ದಿನ ಅವಳು ಹಳೆಯ ಅರ್ಥಕೋಶವನ್ನು ತಿರುಗಿ ಯಂತ್ರದೊಳಗೆ ಇಟ್ಟಳು. ಪ್ರಾಣಗಣಕ ಆ ದಿನ ಕೇಳಿದ ಮಾತುಗಳನ್ನೆಲ್ಲ ಹಳೆಯ ಅರ್ಥದಲ್ಲಿ ಮತ್ತೆ ಓದಿಕೊಂಡಿತು. ಮೌನೇಶ ಒಳಗೆ ಹೋದದ್ದು ಅದಕ್ಕೀಗ ತಿಳಿಯಿತು. ಅವನನ್ನು ಹೊತ್ತು ತಂದ ನಾಲ್ವರೂ ಕದದ ಬಳಿ "ಬಂದ್ವಿ" ಎಂದಿದ್ದರು. ಮೌನೇಶ ಏನೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಗಾಳಿ ನಿಲ್ಲಲಿಲ್ಲ. ಗಣಿಗೆ ರಜೆಯಿದ್ದರೂ ನಿಲ್ಲಲಿಲ್ಲ. ಹೊಸ ನವೀಕರಣಕ್ಕೆ ಕೈ ಹಾಕಿದಾಗಲೆಲ್ಲ ಯಂತ್ರ ಒಂದೇ ಮಾತು ಹೇಳುತ್ತಿತ್ತು: "ಒಳಗ ಒಬ್ಬ ಅದಾನ. ಅವ ಬರೂತನ ಆಗಂಗಿಲ್ಲ."

ಆಡಳಿತದವರಿಗೆ ತಲೆಬಿಸಿಯಾಯಿತು. ಹೆಸರನ್ನು ಅಳಿಸಿಬಿಡಿ ಎಂದರು. ಆದರೆ ಒಳಗಿರುವವರ ಹೆಸರನ್ನು ಯಾವ ಅಧಿಕಾರಿಯೂ ತೆಗೆಯುವಂತಿರಲಿಲ್ಲ. ಆಪತ್ತಾದಾಗ ಯಜಮಾನರು ಒಳಗಿದ್ದವನನ್ನು ಇಲ್ಲವೆನ್ನಬಾರದೆಂದು ಇಂದುಮತಿಯೇ ಹಾಗೆ ಕಟ್ಟಿದ್ದಳು. ಅದನ್ನು ಬದಲಿಸಬಲ್ಲ ಮಾತು ಎರಡೇ: ಅವನದು, ಇಲ್ಲವೇ ಅವನ ಮನೆಯವರದು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಇಂದುಮತಿ ಹುಲಿಗೆಮ್ಮನನ್ನು ಕರೆತಂದಳು. ಕರೆಯುವಾಗ ಅವಳಿಗೇ ನಾಚಿಕೆಯಾಗಿತ್ತು.

"ನಾ ಏನ್ ಹೇಳ್ಬೇಕ್ರಿ?"

"ಆಗಿದ್ದನ್ನ ಅದಕ್ಕೆ ಹೇಳಬೇಕು, ಹುಲಿಗೆಮ್ಮ. ಮೌನೇಶ ಸತ್ತ ಅಂತ."

"ಶಿವನೇ! ಆ ಮಾತು ನನ್ನ ಬಾಯಾಗ ಆಡಸ್ತೀರೇನು?"

ಇಂದುಮತಿ ತಲೆ ತಗ್ಗಿಸಿದಳು. "ನಿನಗೆ ಹೇಗೆ ಬರುತ್ತೋ ಹಾಗೆ ಹೇಳು."

ಹುಲಿಗೆಮ್ಮ ಯಂತ್ರದ ಮುಂದೆ ಬಂದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಅವ್ವಾ," ಎಂದಳು. "ನಮ್ಮ ಮನಿಯವ್ರು ಹೋದ್ರು."

"ಹೌದವ್ವಾ ಹುಲಿಗೆಮ್ಮಾ," ಎಂದಿತು ಕದದವ್ವ. "ಹೋಗ್ಯಾನ, ಇನ್ನೂ ಬಂದಿಲ್ಲ. ಗಾಳಿ ಬಿಟ್ಟೀನಿ."

ಹುಲಿಗೆಮ್ಮ ಕುಸಿದು ಕೂತಳು. ಅಷ್ಟು ದಿನ ಬಾರದ ಅಳು ಈಗ ಬಂತು. ಯಂತ್ರದ ಪೆಟ್ಟಿಗೆಗೆ ಹಣೆ ಒತ್ತಿ, ಬಿಕ್ಕಿ ಬಿಕ್ಕಿ ಅತ್ತಳು. ಇಂದುಮತಿ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅವಳ ಬೆನ್ನು ಸವರಿದಳು. ಮೌನೇಶನ ಹೆಸರು ಇರುವವರೆಗೆ ಯಂತ್ರ ಸುರಂಗವನ್ನು ಖಾಲಿಯೆಂದು ಬಗೆಯುವುದಿಲ್ಲ, ಇನ್ನು ಮೇಲೆ ಕೆಳಗೆ ಹೋದ ಯಾರಿಗೂ ಗಾಳಿ ನಿಲ್ಲುವುದಿಲ್ಲ ಎಂಬುದು ಇಂದುಮತಿಗೆ ಆಗ ಹೊಳೆಯಿತು. ತಾನು ಕಟ್ಟಿದ ಯಾವ ರಕ್ಷಣೆಯೂ ಇಷ್ಟು ಗಟ್ಟಿಯಿರಲಿಲ್ಲ.

"ಮೇಡಂ, ತೆಗೀಬೇಕೇನ್ರಿ ಅವ್ರ ಹೆಸರು?" ಎಂದು ಹುಲಿಗೆಮ್ಮ ಕೇಳಿದಳು.

"ಬೇಡ," ಎಂದಳು ಇಂದುಮತಿ. ಎದ್ದು ಹೋಗಿ ನವೀಕರಣದ ತೆರೆಯನ್ನು ಮುಚ್ಚಿದಳು.

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಯಂತ್ರದ ಕಡೆ ತಿರುಗಿದಳು.

"ಬಿಟ್ಟಿರವ್ವಾ ಗಾಳಿ," ಎಂದಳು. "ಅವ್ರಿಗೆ ಸೆಕಿ ತಡಿಯಂಗಿಲ್ಲ."