ಕೈ ಹಿಂದಕ್ಕೆಳೆದ ಹುಡುಗ

"ಇದಕ್ಕೆ ಯಾಕೆ ಇಷ್ಟು ಕೋಪ?"

ದೀಪಶ್ರೀ ಕೇಳಿದ್ದು ಗಾಜಿನೊಳಗಿದ್ದ ಮೊರೇ ಈಲನ್ನು ನೋಡಿ. ಹಾವಿನಂಥ ಆ ಮೀನು ಕಲ್ಲಿನ ಸಂದಿಯಿಂದ ತಲೆ ಹೊರಗೆ ಹಾಕಿ, ಅವಳ ಕಡೆಗೇ ಮುಖ ಮಾಡಿ, ಬಾಯಿ ತೆರೆಯುತ್ತ ಮುಚ್ಚುತ್ತ ಇತ್ತು. ಉತ್ತರ ಬಂದದ್ದು ಬೆನ್ನ ಹಿಂದಿನಿಂದ.

"ಕೋಪ ಅಲ್ರೀ. ಅದು ಉಸಿರಾಡೋದೇ ಹಂಗೆ."

ತಿರುಗಿ ನೋಡಿದಳು. ನೀಲಿ ಟೀ ಶರ್ಟು, ಹಣೆಯ ಮೇಲೆ ಅರ್ಧ ಅಳಿಸಿಹೋದ ವಿಭೂತಿ, ಎದೆಯ ಮೇಲೆ 'ರುದ್ರೇಶ್' ಎಂಬ ಹೆಸರಿನ ಪಟ್ಟಿ.

"ನಾನು ಮೀನನ್ನ ಕೇಳಿದ್ದು," ಎಂದಳು.

"ಅದು ಸ್ವಲ್ಪ ಬಿಜಿ ಐತ್ರೀ. ನಾನು ಹೇಳಿದ್ರೆ ನಡೀತದಾ?"

ನಡೆಯಿತು. ಎಷ್ಟು ನಡೆಯಿತೆಂದರೆ, ಅವತ್ತಿನಿಂದ ದೀಪಶ್ರೀ ಮಧ್ಯಾಹ್ನದ ಊಟವನ್ನು ಬಸ್ಸು ಹಿಡಿಯುವವಳಂತೆ ಗಬಗಬನೆ ಮುಗಿಸತೊಡಗಿದಳು. ರಿಂಗ್ ರೋಡಿನ ಆ ಗಾಜಿನ ಕಟ್ಟಡದ ಮೇಲಿನ ಮಹಡಿಗಳಲ್ಲೆಲ್ಲ ಆಫೀಸುಗಳು, ನೆಲಮಹಡಿಯಲ್ಲಿ ಹೊಸದಾಗಿ ತೆರೆದ ಅಕ್ವೇರಿಯಂ. ಮೇಲೆ ಎಚ್‌ಆರ್ ಕೆಲಸ ಮಾಡುವ ಹುಡುಗಿ ಲಿಫ್ಟಿನಲ್ಲಿ ಕೆಳಗಿಳಿದರೆ ಸಮುದ್ರ.

ದೊಡ್ಡನೆಕ್ಕುಂದಿಯಲ್ಲೇ ಹುಟ್ಟಿ ಬೆಳೆದವಳು ಅವಳು. ಅಪ್ಪ ಮುನಿಕೃಷ್ಣ ಹಳೇ ಜಮೀನಿನಲ್ಲಿ ಬಾಡಿಗೆ ಮನೆ ಕಟ್ಟಿಸಿಕೊಂಡಿದ್ದವರು. ಆ ಮನೆಯಲ್ಲಿ ಮೀನು ಎಂದರೆ ಭಾನುವಾರದ ಸಾರು, ಅಷ್ಟೇ. ತನ್ನನ್ನೇ ತಿರುಗಿ ನೋಡುವ ಮೀನನ್ನು ಅವಳು ನೋಡಿರಲಿಲ್ಲ. ಕೇಳಿದಷ್ಟೂ ಪ್ರಶ್ನೆಗಳು ಹುಟ್ಟಿಕೊಳ್ಳುತ್ತಿದ್ದವು.

"ಮೀನು ನೀರು ಕುಡಿಯುತ್ತಾ?"

"ಸಮುದ್ರದ್ದು ಕುಡೀತದೆ. ಕೆರೇದು ಕುಡಿಯೋದಿಲ್ಲ ಅಂದ್ರೂ ನಡೀತದೆ."

"ನಿದ್ದೆ?"

"ಮಾಡ್ತದೆ. ರೆಪ್ಪೆ ಇಲ್ಲ ನೋಡ್ರಿ, ಅದಕ್ಕೇ ಗೊತ್ತಾಗಲ್ಲ."

ಸಮುದ್ರ ಕುದುರೆಯ ತೊಟ್ಟಿಯ ಮುಂದೆ ನಿಂತಾಗ, ಇದರಲ್ಲಿ ಮರಿ ಹೊರುವುದು ಗಂಡು ಎಂದು ಹೇಳಿದ.

"ಗಂಡಾ? ಹೆರಿಗೆ ರಜೆ ಕೊಟ್ಟಿದ್ದೀರಾ ಪಾಪ?"

"ಎಚ್‌ಆರ್‌ನವರು ನೀವು. ಮಂಜೂರು ಮಾಡ್ರಿ."

ಅವಳು ನಕ್ಕಾಗ ಅವನೂ ನಕ್ಕ. ನಗುವಾಗ ತಲೆ ತಗ್ಗಿಸಿ, ಓರೆಗಣ್ಣಿನಲ್ಲಿ ಅವಳ ನಗು ಮುಗಿಯಿತಾ ಎಂದು ನೋಡುವ ಅಭ್ಯಾಸ ಅವನದು. ಆ ಓರೆನೋಟಕ್ಕಾಗಿ ಅವಳು ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ನಗುತ್ತಿದ್ದಳು.

ಒಂದೇ ಒಂದು ವಿಚಿತ್ರ. ಅವಳು ಒಂದು ಹೆಜ್ಜೆ ಹತ್ತಿರ ಬಂದರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ರಾಣೆಬೆನ್ನೂರು ಕಡೆಯ ಹುಡುಗ, ನಾಚಿಕೆ ಇರಬೇಕು ಎಂದುಕೊಂಡಳು. ಆ ನಾಚಿಕೆಯೂ ಅವಳಿಗೆ ಹಿಡಿಸಿತ್ತು.

ಒಂದು ಶನಿವಾರ ಅಜ್ಜಿ ಕೃಷ್ಣಮ್ಮನನ್ನೂ ಕರೆದುಕೊಂಡು ಬಂದಳು. ಅಜ್ಜಿ ದೊಡ್ಡ ತೊಟ್ಟಿಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಮಾರ್ಕೆಟ್ಟಿನಲ್ಲಿ ನೋಡುವ ಹಾಗೆಯೇ ನೋಡಿದರು.

"ಇದು ಸಾರಿಗೆ ಆಯ್ತದೇನಪ್ಪಾ?"

ದೀಪಶ್ರೀಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ರುದ್ರೇಶ್ ಮಾತ್ರ ಗಂಭೀರವಾಗಿ, "ಇದಕ್ಕೆ ಮುಳ್ಳು ಜಾಸ್ತಿ ಅಜ್ಜಿ, ಬ್ಯಾಡ," ಎಂದ.

ಅಜ್ಜಿಗೆ ಹುಡುಗ ಒಂದೇ ಮಾತಿಗೆ ಇಷ್ಟವಾಗಿಬಿಟ್ಟ. "ಮನೇಗೆ ಬಾ ಮಗಾ. ನೀನು ಮೀನು ತಿನ್ನಾಕಿಲ್ಲ ಅಂದ್ಲು ಇವಳು. ಸೊಪ್ಪಿನ ಸಾರು ಮಾಡಿ ಮುದ್ದೆ ಇಕ್ತೀನಿ," ಎಂದು ಅವನ ಕೈ ಹಿಡಿಯಲು ಹೋದರು.

ಅವನು ಬೆಂಕಿ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, "ಬ್ಯಾಡ್ರೀ ಅಜ್ಜಿ, ಆಮೇಲೆ ನೋಡೋಣ," ಎಂದು ಸರಸರನೆ ಒಳಗೆ ಹೋಗಿಬಿಟ್ಟ.

ಅಜ್ಜಿಯ ಕೈ ಗಾಳಿಯಲ್ಲೇ ಉಳಿಯಿತು. ಮನೆ ಹತ್ತಿರ ಬಂದಾಗ, "ಮಡಿವಂತರ ಮನೆ ಹುಡುಗ ಇರ್ಬೇಕು ಬಿಡು," ಎಂದಷ್ಟೇ ಹೇಳಿದರು.

ದೀಪಶ್ರೀಯ ಎದೆಗೆ ಅದು ನಾಟಿತು. ಹಿಂದೆ ಸರಿದ ಅಷ್ಟೂ ಹೆಜ್ಜೆಗಳಿಗೆ ಈಗ ಅರ್ಥ ಸಿಕ್ಕಿತ್ತು. ಮೀನು ತಿನ್ನುವವರನ್ನು ಮುಟ್ಟಿದರೆ ಮೈಲಿಗೆ! ನಾಚಿಕೆಯಂತೆ ನಾಚಿಕೆ! ಇವನಿಗಾಗಿ ತಾನು ಮೊಸರನ್ನ ನುಂಗಿಕೊಂಡು ಓಡಿ ಬರುತ್ತಿದ್ದೆನಲ್ಲ ಎಂದು ಅವಳಿಗೆ ಅವಮಾನವಾಯಿತು. ಕೆಳಗಿಳಿಯುವುದನ್ನೇ ಬಿಟ್ಟಳು.

ಅದೇ ಹೊತ್ತಿಗೆ ಹೊಸಕೋಟೆಯಿಂದ ಒಂದು ಸಂಬಂಧ ಬಂತು. ಹುಡುಗ ನರೇಶ್, ಒಳ್ಳೆಯವನೇ. ದೂರಲು ಏನೂ ಸಿಗಲಿಲ್ಲ, ಅದೇ ಕಷ್ಟ. ಭಾನುವಾರ ಅವರ ಮನೆಯವರು ಬಂದು ನೋಡಿಕೊಂಡು ಹೋದರು. ಸೋಮವಾರ ಬೆಳಿಗ್ಗೆ ಅಮ್ಮ ಟಿಫನ್ ಬಾಕ್ಸ್ ಕೊಡುತ್ತ, "ಸಂಜೆಯೊಳಗೆ ಹೇಳ್ಬೇಕಂತೆ ಕಣೇ. ಹೂಂ ಅನ್ಲಾ?" ಎಂದರು.

"ಮಧ್ಯಾಹ್ನ ಫೋನ್ ಮಾಡ್ತೀನಿ," ಎಂದಳು ದೀಪಶ್ರೀ.

ಹೂಂ ಎನ್ನುವುದು ಸುಲಭವಿತ್ತು. ಆದರೆ ಉತ್ತರ ಸಿಗದ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಹೋಗುವ ಹುಡುಗಿಯಲ್ಲ ಅವಳು. ಆಫೀಸಿಗೆ ಹೋಗಬೇಕಾದವಳು ನೆಟ್ಟಗೆ ಅಕ್ವೇರಿಯಂಗೆ ನುಗ್ಗಿದಳು. ಜನಕ್ಕೆ ಇನ್ನೂ ಬಾಗಿಲು ತೆರೆದಿರಲಿಲ್ಲ. ಮುಖ ಪರಿಚಯವಿದ್ದ ಸೆಕ್ಯುರಿಟಿ ಗೋಪಾಲಪ್ಪ, "ರುದ್ರೇಶಾ? ಹಿಂದುಗಡೆ ಅವ್ನೆ ಮೇಡಂ," ಎಂದು ಒಳಗೆ ಬಿಟ್ಟ.

ತೊಟ್ಟಿಗಳ ಹಿಂದೆ ಹೀಗೊಂದು ಅಡುಗೆಮನೆ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಸ್ಟೀಲಿನ ಕಟ್ಟೆ, ಸಿಂಕು, ಗೋಡೆಯ ಪಕ್ಕ ದೊಡ್ಡ ಫ್ರೀಜರು. ಬಾಗಿಲ ಕಡೆಗೆ ಓರೆಯಾಗಿ ನಿಂತು, ರಬ್ಬರ್ ಏಪ್ರನ್ ಕಟ್ಟಿಕೊಂಡು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ರುದ್ರೇಶ್ ಬಂಗುಡೆ ಮೀನು ಹೆಚ್ಚುತ್ತಿದ್ದ. ಪಕ್ಕದಲ್ಲಿ ಸುಲಿದ ಸೀಗಡಿಯ ರಾಶಿ. ಅಲ್ಲೇ ತಟ್ಟೆಯಲ್ಲಿ ಅರ್ಧರ್ಧ ಕುಯ್ದ ನಿಂಬೆಹಣ್ಣು.

ಅವಳನ್ನು ಕಂಡವನೇ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ.

"ಮತ್ತೆ ಹಿಂದೆ ಕಟ್ಟಿದ್ರಾ?" ಎಂದಳು. "ನಮ್ಮಜ್ಜಿ ಮುಟ್ಟಿದ್ರೆ ನಿಮಗೇನಾಗ್ತಿತ್ತು? ನಾವು ತಿನ್ನೋರು ಅಂತ ಅಷ್ಟು ಅಸಹ್ಯನಾ?"

ಅವನ ಮುಖ ಕಪ್ಪಿಟ್ಟಿತು. "ಅಯ್ಯೋ! ಏನಂದ್ರಿ ನೀವು? ವಾಸನೀರೀ! ದಿನಾ ಬೆಳಿಗ್ಗೆ ತೊಟ್ಟಿ ಮೀನಿಗೆ ಹಾಕೋಕೆ ಇದನ್ನೆಲ್ಲ ನಾನೇ ಹೆಚ್ಚಬೇಕು. ಸೋಪು ಹಾಕ್ತೀನಿ, ನಿಂಬೆಹಣ್ಣು ತಿಕ್ತೀನಿ, ಹೋಗೋದೇ ಇಲ್ಲ. ಬಸ್ಸಿನಾಗೆ ಪಕ್ಕದಾಗೆ ಕೂತೋರು ಎದ್ದು ಹೋಗ್ತಾರೆ. ನೀವು ಎದ್ದು ಹೋದ್ರೆ ನನಗೆ ತಡಕೊಳ್ಳೋಕಾಗ್ತಿರಲಿಲ್ಲ."

ದೀಪಶ್ರೀಯ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂದವು.

"ರೀ, ಮೀನಿನ ವಾಸನೆಗೆ ಹೆದರೋಕೆ ನಾನೇನು ರಾಣೆಬೆನ್ನೂರಿನವಳಾ? ಕೊಡಿ ಇಲ್ಲಿ."

ಅವನು ಅಲುಗಾಡಲಿಲ್ಲ. ಅವಳೇ ಹೋಗಿ, ಬೆನ್ನ ಹಿಂದಿನಿಂದ ಅವನ ಒದ್ದೆ ಕೈ ಎಳೆದು ಹಿಡಿದುಕೊಂಡಳು. ಫ್ರೀಜರಿನ ಮೀನು ಮುಟ್ಟಿ ಮುಟ್ಟಿ ಅದು ತಣ್ಣಗಾಗಿತ್ತು. ಅವಳ ಹಿಡಿತದಲ್ಲಿ ನಿಧಾನವಾಗಿ ಬೆಚ್ಚಗಾಯಿತು.

"ಸಂಜೆಯೊಳಗೆ ನಾನು ಹೊಸಕೋಟೆಗೆ ಹೂಂ ಅನ್ಬೇಕು," ಎಂದಳು. "ಅನ್ಲಾ?"

"ಬ್ಯಾಡ." ಅಷ್ಟು ಬೇಗ ಅವನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ. ಆಮೇಲೆ ಮೆಲ್ಲಗೆ, "ಆದ್ರೆ ನಾನಿಲ್ಲಿ ಮೀನು ಹೆಚ್ತೀನಿ ಅಂತ ನಮ್ಮವ್ವಗೇ ಗೊತ್ತಿಲ್ರೀ. ಗಾಜಿನ ಹೊರಗೆ ನಿಂತು ಲೆಕ್ಚರ್ ಕೊಡ್ತೀನಿ ಅಂದ್ಕೊಂಡಾಳ," ಎಂದ.

"ಮೊದಲು ಅದನ್ನ ಹೇಳಿ. ನಮ್ಮನೇಲಿ ಜಗಳ ನಾನು ನೋಡ್ಕೋತೀನಿ."

ಅವನು ಒಂದು ಕೈಯಲ್ಲೇ ಅವ್ವನಿಗೆ ಫೋನ್ ಹಚ್ಚಿದ. ಇನ್ನೊಂದನ್ನು ಅವಳು ಬಿಟ್ಟಿರಲಿಲ್ಲ. ಸ್ಪೀಕರಿನಲ್ಲಿ ಸಿದ್ದಮ್ಮನವರ ದನಿ ಬಂತು. ಅವನು ತಡವರಿಸುತ್ತ ಎಲ್ಲವನ್ನೂ ಹೇಳಿದ. ಮೀನು, ಕತ್ತಿ, ದೊಡ್ಡನೆಕ್ಕುಂದಿಯ ಹುಡುಗಿ, ಎಲ್ಲ.

ಸಿದ್ದಮ್ಮ ಹುಡುಗಿಯ ಮಾತು ಬಿಟ್ಟು ಮೊದಲು ಮೀನಿಗೇ ಬಂದರು.

"ಜೀವಾ ತೆಗಿಯಾವ ನೀನೇನು?"

"ಇಲ್ಲವ್ವಾ. ಸತ್ತಿದ್ದ ಬರ್ತೈತಿ, ಐಸ್‌ನ್ಯಾಗ."

"ಹಸದದ್ದಕ್ಕ ಉಣ್ಣಾಕ ಇಡ್ತಿ ಅಲ್ಲಪಾ. ಮೀನಕ್ಕ ರೊಟ್ಟಿ ಹಾಕಿದ್ರ ತಿಂತೈತೇನು?" ಸಿದ್ದಮ್ಮ ಉಸಿರು ಬಿಟ್ಟದ್ದು ಕೇಳಿಸಿತು. "ಆ ಹುಡುಗಿ ಅಲ್ಲೇ ಅದಾಳೇನು? ಫೋನ್ ಕೊಡು."

ಎಷ್ಟೋ ಜನರನ್ನು ಇಂಟರ್‌ವ್ಯೂ ಮಾಡಿದ ದೀಪಶ್ರೀ ಈಗ ತಾನೇ ಇಂಟರ್‌ವ್ಯೂಗೆ ಬಂದವಳಂತೆ ಫೋನ್ ತೆಗೆದುಕೊಂಡಳು.

"ರೊಟ್ಟಿ ಬಡಿಯಾಕ ಬರ್ತೈತೇನವಾ ನಿನಗ?"

"ಇಲ್ಲ ಅತ್ತೆ."

ಬಾಯಿಂದ ಬಿದ್ದ ಮೇಲೆಯೇ ಗೊತ್ತಾದದ್ದು. ಅವಳು ನಾಲಿಗೆ ಕಚ್ಚಿಕೊಂಡು ಕಣ್ಣು ಮುಚ್ಚಿದಳು. ರುದ್ರೇಶ್ ತಲೆ ತಗ್ಗಿಸಲಿಲ್ಲ, ಓರೆಗಣ್ಣಿನಲ್ಲೂ ನೋಡಲಿಲ್ಲ. ನೇರವಾಗಿ, ಬಾಯಿ ತೆರೆದುಕೊಂಡು, ಅವಳನ್ನೇ ನೋಡುತ್ತಿದ್ದ.

"ಬರದಿದ್ರ ಬಿಡು," ಎಂದರು ಸಿದ್ದಮ್ಮ ನಗು ತಡೆದುಕೊಂಡು, "ನಾ ಕಲಿಸ್ತೀನಿ. ಮೊದಲು ನಿಮ್ಮವ್ವನ ನಂಬರ್ ಕೊಡು."