ಸಲ್ವಾಳ ಗಾಣದ ಬೆಲ್ಟು

ಬೆಲ್ಟು ಮತ್ತೆ ಕಳಚಿತು. ಕಳಚಿ ಸುಮ್ಮನೆ ಬೀಳಲಿಲ್ಲ. ಪಟಾರನೆ ಗೋಡೆಗೆ ಬಡಿದು, ಸರದಿ ಕಾಯುತ್ತಿದ್ದ ರೈತ ಬರ್ನಿ ಮಾವನ ಚಹಾದ ಕೆಟಲ್ ಉರುಳಿಸಿ, ಆಲಿವ್ ಚೀಲಗಳ ಮೇಲೆ ಹೋಗಿ ಬಿತ್ತು. ಗಾಣದ ಕಲ್ಲುಗಳು ನಿಂತವು. ಇಂಜಿನ್ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಡಬಡಬ ಎನ್ನುತ್ತಲೇ ಇತ್ತು.

ಸಲ್ವಾ ಇಂಜಿನ್ ಆರಿಸಿ ಸೊಂಟಕ್ಕೆ ಕೈಕೊಟ್ಟು ನಿಂತಳು. ಅಪ್ಪ ತೀರಿಕೊಂಡ ಮೇಲೆ ಮಹ್ದಿಯಾ ಬಂದರಿನ ಪಕ್ಕದ ಈ ಎಣ್ಣೆ ಗಾಣವನ್ನು ಅವಳೇ ನಡೆಸುತ್ತಿದ್ದಳು. ಸುಗ್ಗಿಯ ಕಾಲ. ಅಂಗಳದ ತುಂಬ ಚೀಲಗಳು, ಸರದಿ ತಪ್ಪೀತೆಂದು ಚೀಲಗಳ ಮೇಲೆಯೇ ಮಲಗುವ ರೈತರು. ಕಿತ್ತ ಆಲಿವ್ ರಾಶಿಯಲ್ಲಿ ಹಾಗೇ ಬಿದ್ದಿದ್ದರೆ ಒಳಗೊಳಗೇ ಬಿಸಿಯಾಗಿ ಹುಳಿಯತೊಡಗುತ್ತದೆ. ರೈತರೂ ಅಷ್ಟೇ.

"ಕರೀರಿ ಆ ಮಹಾಶಯನ್ನ," ಅಂದಳು.

ಮಹಾಶಯನೆಂದರೆ ಲಸಾದ್. ಬಂದರಿನಲ್ಲಿ ಮೀನು ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಗಾಣದ ಹಳೆಯ ಬೆಲ್ಟು ಹರಿದಾಗ ಹೊಸದನ್ನು ತಂದು ಹಾಕಿದವನು ಅವನೇ. ಹಾಕಿದಂದಿನಿಂದ ಅದು ಕಳಚುತ್ತಿತ್ತು. ಕಳಚಿದಾಗಲೆಲ್ಲ ಅವನು ಮೋಟರ್‌ಬೈಕ್ ಏರಿ ಬರುತ್ತಿದ್ದ, ಅತ್ತೆಯನ್ನು ನೋಡುವ ಸೊಸೆಯಂತೆ ಬೆಲ್ಟನ್ನು ನೋಡುತ್ತಿದ್ದ, ಅಂಗಿಯ ತೋಳು ಮಡಚುತ್ತಿದ್ದ.

ಮಾಡದ ಉಪಾಯವಿರಲಿಲ್ಲ. ಬೆಲ್ಟು ಸಡಿಲವಿದೆಯೆಂದು ಇಂಜಿನ್ ಹಿಂದಕ್ಕೆ ಸರಿಸಿ ಬಿಗಿ ಮಾಡಿದ. ಜೋಡಣೆ ಸೊಟ್ಟಗಿದೆಯೆಂದು ಕತ್ತರಿಸಿ, ಮೂಲೆಮಟ್ಟ ಹಿಡಿದು ಮತ್ತೆ ಹೊಲಿದ. ಬೇರಿಂಗು ಸವೆದಿದೆಯೆಂದು ಬದಲಿಸಿದ. ಒಂದು ದಿನ, ಬೆಲ್ಟು ಸುತ್ತುವ ಎರಡು ಚಕ್ರಗಳು, ಅಂದರೆ ಪುಲ್ಲಿಗಳು, ಒಂದೇ ನೇರಕ್ಕಿವೆಯೇ ಎಂದು ನೋಡಲು ದಾರ ಹಿಡಿದರು. ಒಂದು ತುದಿಯನ್ನು ಸಲ್ವಾ ಇಂಜಿನ್ನಿನ ಪುಲ್ಲಿಗೆ ಒತ್ತಿ ಹಿಡಿದಳು, ಇನ್ನೊಂದನ್ನು ಅವನು ಗಾಣದ ಪುಲ್ಲಿಗೆ. ಒಂದು ಕಣ್ಣು ಮುಚ್ಚಿ ಅವನು ದಾರದ ಗುಂಟ ನೋಡುತ್ತಾ ಬಂದ. ದಾರ ಅವಳ ಹೆಬ್ಬೆರಳಿಗೆ ಮುಗಿಯಿತು, ನೋಟ ಮುಗಿಯಲಿಲ್ಲ. ಅದು ಮಣಿಕಟ್ಟು ದಾಟಿ, ಮೊಣಕೈ ಮೇಲಿನ ಎಣ್ಣೆ ಕಲೆ ದಾಟಿ, ತಲೆವಸ್ತ್ರದಿಂದ ಜಾರಿದ ಕೂದಲ ಹತ್ತಿರ ಬಂದು ನಿಂತಿತು.

"ದಾರ ನೇರ ಇದೆಯಾ?" ಸಲ್ವಾ ಕೇಳಿದಳು.

"ಇದೆ."

"ಮತ್ತೇನು ನೋಡ್ತಿದ್ದೀಯ?"

"ಎಲ್ಲಿ ಡೊಂಕಿದೆ ಅಂತ."

ಅವಳು ದಾರವನ್ನು ಪಟ್ಟನೆ ಬಿಟ್ಟಳು. ಅದು ಅವನ ಮೂಗಿಗೆ ಬಡಿಯಿತು. ಆ ದಿನ ಸಂಜೆಯವರೆಗೂ ಬೆಲ್ಟು ಸುಸೂತ್ರವಾಗಿ ಓಡಿತು, ಸಲ್ವಾ ವಿನಾಕಾರಣ ಹಾಡು ಗುನುಗಿದಳು. ಬೆಳಗಾದರೆ ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ! ಕಲ್ಲು ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಬೆಲ್ಟು ಕಿರುಗುಟ್ಟಿ, ಅಂಚಿಗೆ ಸರಿದು, ಕೆಳಗೆ ಬಿದ್ದಿತ್ತು.

ಹೀಗೇ ನಡೆದಿತ್ತು. ಸಂಜೆ ಸರಿ, ಬೆಳಿಗ್ಗೆ ಹಾಳು. ರೈತರ ಬಾಯಿ ಸುಮ್ಮನಿರುತ್ತದೆಯೇ? ಸರದಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಬರ್ನಿ ಮಾವ, ಬ್ರೆಡ್ಡನ್ನು ಹಸಿ ಎಣ್ಣೆಗೆ ಅದ್ದುತ್ತಾ, ಅವನ ಕೈಯಲ್ಲಿ ಸಮುದ್ರದಲ್ಲಿ ಮುಳುಗೆದ್ದ ಇಂಜಿನ್ನೂ ಓಡುತ್ತದೆ, ಈ ಬೆಲ್ಟೊಂದೇ ನಿಲ್ಲುವುದಿಲ್ಲ ಯಾಕೆ ಅಂದ. ಹುಡುಗ ರಾತ್ರಿ ಬಂದು ಸಡಿಲ ಮಾಡಿ, ಹಗಲು ಬಂದು ಬಿಗಿ ಮಾಡುತ್ತಾನೆ. ಬೇಕಾದದ್ದು ಬೆಲ್ಟಲ್ಲ, ಬೆಲ್ಟಿನ ಯಜಮಾನಿ ಅಂದ. ಎಲ್ಲರೂ ನಕ್ಕರು. ಸಲ್ವಾ ಗದರಿಸಿದಳು. ಗದರಿಸಿದರೂ ಆ ಮಾತನ್ನು ಮನೆಗೆ ತೆಗೆದುಕೊಂಡು ಹೋದಳು, ಹಾಸಿಗೆಯಲ್ಲಿ ಮಗ್ಗುಲಾಗಿ ಮತ್ತೆ ಮತ್ತೆ ನೆನೆಸಿಕೊಂಡಳು. ತನಗಾಗಿ ಒಬ್ಬ ದಿನಾ ಇಷ್ಟು ಕಷ್ಟಪಟ್ಟು ಸುಳ್ಳಾಡುತ್ತಿದ್ದಾನೆಂಬುದು ಅವಳಿಗೆ ತುಂಬಾ ಹಿತವಾಗಿತ್ತು.

ಆದರೆ ಕೆಟಲ್ ಉರುಳಿದ ಆ ಬೆಳಿಗ್ಗೆ ಹಿತವೆಲ್ಲ ಎಲ್ಲಿತ್ತು? ಬಿಸಿ ಚಹಾ ಬರ್ನಿ ಮಾವನ ಕಾಲ ಮೇಲೆ ಚೆಲ್ಲಿತ್ತು. ಇಬ್ಬರು ರೈತರು ಬೇರೆ ಗಾಣಕ್ಕೆ ಹೋಗುತ್ತೇವೆಂದು ಚೀಲ ಎತ್ತುತ್ತಿದ್ದರು. ಅಷ್ಟರಲ್ಲಿ ಬಂದ ಲಸಾದ್ ಬೆಲ್ಟು ನೋಡಿ, ಮೇಲೆ ಕೆಳಗೆ ನೋಡಿ, ತನಗೂ ಅರ್ಥವಾಗುತ್ತಿಲ್ಲ ಅಂದ. ಸಲ್ವಾಳ ಸಿಟ್ಟು ಮೂಗಿನ ತುದಿಯಲ್ಲಿತ್ತು, ನಾಲಿಗೆಗೆ ಇಳಿಯಿತು.

"ನಿನಗೆ ಅರ್ಥ ಆಗದೇ ಇರೋಕೆ ಏನಿದೆ? ದಿನಾ ಬಂದು ನನ್ನ ನೋಡ್ಬೇಕು ಅಂತ ನೀನೇ ಕೆಡಿಸ್ತಿದ್ದೀಯಲ್ಲ."

ಚೀಲ ಎತ್ತುತ್ತಿದ್ದವರೂ ತಿರುಗಿ ನೋಡಿದರು. ಲಸಾದ್‌ನ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ.

"ನಿನ್ನ ನೋಡ್ಬೇಕಾದ್ರೆ ಬಾಗಿಲಲ್ಲಿ ನಿಂತು ನೋಡ್ತೀನಿ, ಸಲ್ವಾ. ಇನ್ನೊಬ್ಬರ ಅನ್ನ ಕೆಡಿಸಿ ನೋಡಲ್ಲ."

ಹೊರಟೇಹೋದ. ಬೈಕಿನ ಸದ್ದು ಅಡಗಿದ ಮೇಲೆ ಅವಳಿಗೆ ತಾನೇನು ಮಾಡಿದೆನೆಂಬುದು ತಿಳಿಯಿತು. ಕೆಡಿಸಿ ರಿಪೇರಿ ಮಾಡುವವನೆಂಬ ಮಾತು ಬಂದರು ಮುಟ್ಟಲು ಎಷ್ಟು ಹೊತ್ತು? ಆಮೇಲೆ ಯಾವ ದೋಣಿಯವನು ಅವನ ಕೈಗೆ ಇಂಜಿನ್ ಕೊಟ್ಟಾನು? ನಿಜವೇ ಆಗಿದ್ದರೂ ಎಲ್ಲರೆದುರು ಆಡುವ ಮಾತಾಗಿರಲಿಲ್ಲ. ಅಥವಾ ಸುಳ್ಳಾಗಿದ್ದರೆ? ಸುಳ್ಳಾಗಿದ್ದರೆ ಅವನ ಮನಸ್ಸಲ್ಲಿ ತಾನಿಲ್ಲವೇ ಇಲ್ಲ. ಯಾವುದು ಹೆಚ್ಚು ಕೆಟ್ಟದ್ದೆಂದು ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಇನ್ನೂ ನಸುಕಿರುವಾಗಲೇ ಎದ್ದು, ಕಣ್ಣಾರೆ ಕಂಡುಬಿಡುತ್ತೇನೆಂದು ಗಾಣಕ್ಕೆ ಬಂದಳು. ಅರೆದ ಆಲಿವ್ ಹರಡಿ ಎಣ್ಣೆ ಹಿಂಡುವ ಚಾಪೆಗಳ ರಾಶಿಯ ಹಿಂದೆ ಅಡಗಲು ಹೋದರೆ ಅಲ್ಲಿ ಆಗಲೇ ಒಬ್ಬ ಕೂತಿದ್ದ.

"ಸಿಕ್ಕಿಬಿದ್ದೆ," ಅಂದಳು.

"ನಾನಲ್ಲ, ನೀನು," ಲಸಾದ್ ಪಿಸುಗುಟ್ಟಿದ. "ನನ್ನ ಹೆಸರು ಕೆಡಿಸಿದವರು ಯಾರು ಅಂತ ನೋಡೋಕೆ ಬಂದಿದೀನಿ. ಕೂತ್ಕೋ, ಮಾತಾಡ್ಬೇಡ."

ಕೂರಲು ಜಾಗವೆಲ್ಲಿತ್ತು? ಭುಜಕ್ಕೆ ಭುಜ ತಾಗಿಸಿ ಕೂತರು. ಚಳಿ. ಅವನ ಕೋಟಿಗೆ ಸಮುದ್ರದ ವಾಸನೆ, ಡೀಸೆಲ್ ವಾಸನೆ. ನಿನ್ನ ಮೊಣಕೈ ಚುಚ್ಚುತ್ತಿದೆ ಎಂದು ಅವಳು, ನಿನ್ನ ನಾಲಿಗೆಗಿಂತ ಕಡಿಮೆ ಎಂದು ಅವನು. ಜಗಳ ಪಿಸುಮಾತಿನಲ್ಲೇ ಜೋರಾಗುವಷ್ಟರಲ್ಲಿ ಬಾಗಿಲು ಕಿರ್ರೆಂದಿತು.

ಬಂದವಳು ಸಲ್ವಾಳ ಅಜ್ಜಿ ಮಬ್ರೂಕಾ. ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಮಣ್ಣಿನ ಬಟ್ಟಲು. ಸೀದಾ ಇಂಜಿನ್ ಹತ್ತಿರ ಹೋಗಿ, ದೀಪ ಕೆಳಗಿಟ್ಟು, ದೇವರ ಹೆಸರು ಹೇಳಿ, ಈ ಸುಗ್ಗಿಯ ಮೊದಲ ಎಣ್ಣೆಯಲ್ಲಿ ಅಂಗೈ ಅದ್ದಿ, ಪುಲ್ಲಿಯ ಮೇಲೆ ಐದು ಬೆರಳೂ ಮೂಡುವಂತೆ ಒತ್ತಿದಳು. ಗಾಣಕ್ಕೆ ಕೆಟ್ಟ ಕಣ್ಣು ಬೀಳದಿರಲಿ, ಮೊಮ್ಮಗಳು ಚೆನ್ನಾಗಿರಲಿ, ಆ ರಿಪೇರಿ ಹುಡುಗನ ತಲೆಗೆ ಸ್ವಲ್ಪ ಬುದ್ಧಿ ಬರಲಿ ಎಂದು ಬೇಡಿಕೊಂಡಳು. ನಿನ್ನೆ ದೃಷ್ಟಿ ಜೋರಾಗಿತ್ತೆಂದು ಇನ್ನೂ ಒಂದು ಅಂಗೈ ಎಣ್ಣೆ ಹಚ್ಚಿದಳು. ಮದುವೆಯಾಗಿ ಬಂದ ಮೊದಲ ಸುಗ್ಗಿಯಿಂದಲೂ ಅವಳು ಮಾಡುತ್ತಿದ್ದದ್ದು ಇದೇ ಇರಬೇಕು, ಕೈಗೆ ಅಷ್ಟು ರೂಢಿಯಿತ್ತು. ಆಮೇಲೆ ಒಲೆ ಹಚ್ಚಲು ಮನೆಗೆ ಹೋದಳು.

ಲಸಾದ್ ತಲೆಗೆ ಕೈ ಹೊತ್ತು ಕೂತ.

"ಹಳೇ ಬೆಲ್ಟು ತೊಗಲಿಂದು," ಅಂದ. "ಎಷ್ಟು ಎಣ್ಣೆ ಹಚ್ಚಿದ್ರೂ ಕುಡ್ಕೊಂಡು ಸುಮ್ನಿರ್ತಿತ್ತು. ನಾನು ಹಾಕಿದ್ದು ರಬ್ಬರು. ಎಣ್ಣೆ ಬಿದ್ರೆ ಅದು ಜಾರದೆ ಇನ್ನೇನು ಮಾಡುತ್ತೆ?"

ಬೆಲ್ಟು ಏರಿಸುವ ಮುಂಚೆ ಪುಲ್ಲಿ ಒರೆಸುವಾಗ ಅವನ ಬಟ್ಟೆಗೆ ದಿನಾ ಎಣ್ಣೆ ಹತ್ತುತ್ತಿತ್ತು. ಆದರೆ ಎಣ್ಣೆ ಗಾಣದಲ್ಲಿ ಎಣ್ಣೆ ಕಂಡರೆ ಯಾರಿಗೆ ಅನುಮಾನ ಬರುತ್ತದೆ? ಅಲ್ಲಿ ಬಾಗಿಲ ಚಿಲಕಕ್ಕೂ ಎಣ್ಣೆ, ಬೆಕ್ಕಿನ ಬಾಲಕ್ಕೂ ಎಣ್ಣೆ. ಇಬ್ಬರಿಗೂ ನಗು ಬಂತು. ನಗುತ್ತಾ ಸಲ್ವಾಳ ಕಣ್ಣಲ್ಲಿ ನೀರು ಬಂತು, ಅದು ಪೂರ್ತಿ ನಗುವಿನದಾಗಿರಲಿಲ್ಲ. ಅವನು ಕೆಡಿಸಿರಲಿಲ್ಲ. ಒಂದು ಸಲವೂ ಇಲ್ಲ.

ಅಜ್ಜಿಗೆ ಹೇಳಬೇಡ ಎಂದು ಬೇಡಿಕೊಂಡಳು. ಜೀವಮಾನವೆಲ್ಲ ಗಾಣವನ್ನು ಕಾಪಾಡಿದೆನೆಂದು ನಂಬಿದ ಮುದುಕಿ, ತನ್ನ ಕೈಯಿಂದಲೇ ಅದು ಕೆಟ್ಟಿತೆಂದು ತಿಳಿದರೆ ಕುಗ್ಗಿಹೋಗುತ್ತಾಳೆ. ನಾಳೆಯಿಂದ ಹೊಸಿಲಿಗೆ ಹಚ್ಚು ಅಂತ ಏನಾದರೂ ಹೇಳಿ ಒಪ್ಪಿಸುತ್ತೇನೆ ಅಂದಳು.

"ಸರಿ. ನನ್ನ ಹೆಸರು?" ಲಸಾದ್ ಕೇಳಿದ. "ಅಜ್ಜಿ ಅಂತ ಹೇಳದೆ, ನಾನಲ್ಲ ಅಂತ ಹೇಗೆ ಹೇಳ್ತೀಯ?"

ನ್ಯಾಯವಾದ ಪ್ರಶ್ನೆ. ಅವನು ಮುಖ ಬಿಗಿದುಕೊಂಡು ಪುಲ್ಲಿಯನ್ನು ಸೀಮೆಎಣ್ಣೆಯಲ್ಲಿ ತೊಳೆದ, ಬೂದಿ ಹಾಕಿ ಉಜ್ಜಿದ, ಬೆಲ್ಟನ್ನೂ ಒರೆಸಿ ಏರಿಸಿದ. ಅಷ್ಟರಲ್ಲಿ ಬೆಳಕಾಯಿತು. ರೈತರು ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ನಿಂತರು. ಲಸಾದ್‌ನನ್ನು ನೋಡಿ ಒಬ್ಬ ಇನ್ನೊಬ್ಬನ ಪಕ್ಕೆ ತಿವಿದ. ಕಳ್ಳ ಮತ್ತೆ ಬಂದನಲ್ಲಪ್ಪ ಎಂದು ಯಾರೋ ಗೊಣಗಿದರು. ಅವನು ತಲೆ ಎತ್ತಲಿಲ್ಲ. ಆ ತಗ್ಗಿದ ತಲೆ ನೋಡಿ ಸಲ್ವಾಳಿಗೆ ತಡೆಯಲಾಗಲಿಲ್ಲ.

"ಎಲ್ಲರೂ ಕೇಳಿ," ಅಂದಳು. "ಬೆಲ್ಟು ಕೆಡಿಸಿದ್ದು ಲಸಾದ್ ಅಲ್ಲ. ನಾನು. ದಿನಾ ಬೆಳಿಗ್ಗೆ ಪುಲ್ಲಿಗೆ ಎಣ್ಣೆ ಹಚ್ತಿದ್ದೆ. ನಿನ್ನೆ ಅವನ ಮೇಲೆ ಹೊರಿಸಿದ್ದು ನನ್ನ ತಪ್ಪು."

ಬರ್ನಿ ಮಾವ ಬಾಯಿ ತೆರೆದ. "ನಿನ್ನ ಗಾಣವನ್ನ ನೀನೇ ಯಾಕಮ್ಮ ಕೆಡಿಸ್ಕೋತೀಯ?"

"ಕೆಟ್ರೆ ಅವನು ಬರ್ತಾನೆ ಅಂತ."

ಸಂಜೆಯೊಳಗೆ ಈ ಮಾತು ಊರಿನ ಪ್ರತಿ ಒಲೆಯ ಮುಂದೆ ಬೇಯುತ್ತದೆಂದು ಅವಳಿಗೆ ಗೊತ್ತಿತ್ತು. ಕಿವಿ ಸುಡುತ್ತಿದ್ದರೂ ನೆಟ್ಟಗೆ ನಿಂತಳು. ರೈತರ ಸಿಟ್ಟು ಉಕ್ಕಿತು. ನಮ್ಮ ಆಲಿವ್ ಏನು ನಿನ್ನ ಪ್ರೇಮಕ್ಕೆ ಬೆಳೆದದ್ದಾ ಎಂದರು, ಇವಳಪ್ಪ ಇದ್ದಿದ್ದರೆ ಎಂದರು. ಕೊನೆಗೆ ಬರ್ನಿ ಮಾವ, ಚಹಾ ಬಿದ್ದ ಕಾಲು ಎಳೆಯುತ್ತಾ ಲಸಾದ್‌ನ ಮುಂದೆ ಹೋಗಿ, ನಿನ್ನ ಮೇಲೆ ಸುಮ್ಮನೆ ಮಾತು ಹೊರಿಸಿದೆ, ಮನಸ್ಸಿಗೆ ಹಚ್ಚಿಕೋಬೇಡ ಅಂದ.

"ಆದ್ರೆ ಇವಳನ್ನ ಬೇಗ ಮದುವೆ ಮಾಡ್ಕೊಂಡುಬಿಡಪ್ಪ," ಅಂದ. "ನಮ್ಮ ಎಣ್ಣೆ ಹುಳಿಯೋ ಮುಂಚೆ."

ಲಸಾದ್ ತಿರುಗಿ ಹ್ಯಾಂಡಲ್ ಹಾಕಿ ಇಂಜಿನ್ ಶುರುಮಾಡಿದ. ಬೆಲ್ಟು ಒಮ್ಮೆ ನಡುಗಿ, ಪುಲ್ಲಿಯ ನಡುವಿಗೆ ಬಂದು ಅಲ್ಲೇ ಓಡತೊಡಗಿತು. ಕಲ್ಲುಗಳು ಉರುಳಿದವು. ಚೀಲ ಬಿಚ್ಚುವ ಗಡಿಬಿಡಿಯಲ್ಲಿ ಬೈಗುಳಗಳೂ ಮುಳುಗಿಹೋದವು. ಆಗ ಅವನು ಸಲ್ವಾಳ ಪಕ್ಕ ಬಂದು ನಿಂತ. ಡಬಡಬ ಸದ್ದಿಗೆ ಕಿವಿಯ ಹತ್ತಿರವೇ ಬಗ್ಗಬೇಕಾಯಿತು.

"ನಿನಗೆ ಸುಳ್ಳು ಹೇಳೋಕೆ ಬರಲ್ಲ," ಅಂದ.

"ಎಲ್ಲರೂ ನಂಬಿದ್ರಲ್ಲ."

"ಅದರಲ್ಲಿ ಎಷ್ಟು ಸುಳ್ಳು?"

ಸಲ್ವಾ ಓಡುವ ಬೆಲ್ಟನ್ನು ನೋಡುತ್ತಿದ್ದವಳು ಕಣ್ಣೆತ್ತಿ ಅವನನ್ನು ನೋಡಿದಳು.

"ಎಣ್ಣೆ ಹಚ್ಚಿದ್ದು," ಅಂದಳು. "ಅದೊಂದೇ."

ಲಸಾದ್ ಕೈಯಲ್ಲಿದ್ದ ಮಸಿಬಟ್ಟೆಯಲ್ಲಿ ಮುಖ ಒರೆಸಿಕೊಂಡು ಮೂಗು ಕಪ್ಪು ಮಾಡಿಕೊಂಡ. ಶುಕ್ರವಾರ ಅಮ್ಮನನ್ನು ಕರೆದುಕೊಂಡು ಮನೆಗೆ ಬರುತ್ತೇನೆ ಅಂದ. ಸಲ್ವಾಳಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಇಂಜಿನ್ ಕಡೆ ಕೈ ತೋರಿಸಿ, ಕೇಳಿಸಲಿಲ್ಲವೆಂಬಂತೆ ತಲೆಯಾಡಿಸಿ, ಇನ್ನೊಂದು ಸಲ ಹೇಳಿಸಿದಳು.